ಐರನ್ ಡ್ರ್ಯಾಗನ್ಸ್ ಡಾಟರ್ ಓದಿದೋರು ಇದೀರಾ? ಎರಡನೇ ಅರ್ಧದ ಬಗ್ಗೆ ಮಾತಾಡ್ಬೇಕಿತ್ತು

ಮಲೆನಾಡ_ಓದುಗ:

ಮೈಕಲ್ ಸ್ವಾನ್‌ವಿಕ್ ಬರೆದಿರೋ ದಿ ಐರನ್ ಡ್ರ್ಯಾಗನ್ಸ್ ಡಾಟರ್ ಮುಗಿಸ್ದೆ, 1993ರ ಕಾದಂಬರಿ. ನನ್ನ ಸುತ್ತ ಇದನ್ನ ಓದಿದೋರು ಯಾರೂ ಇಲ್ಲ, ಅದಕ್ಕೆ ಇಲ್ಲಿ ಹಾಕ್ತಿದೀನಿ.

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಜೇನ್ ಅಂತ ಒಬ್ಳು ಹುಡುಗಿ, ನಮ್ಮ ಲೋಕದಿಂದ ಎಲ್ಫ್‌ಗಳ (ಯುರೋಪಿನ ಜನಪದ ಕಥೆಗಳ ಮಾಯಾವಿ ಜನ) ಲೋಕಕ್ಕೆ ಕದ್ದೊಯ್ದಿರೋ ಮಗು, ಅಲ್ಲಿ ಕಬ್ಬಿಣದ ಡ್ರ್ಯಾಗನ್ ಕಟ್ಟೋ ಫ್ಯಾಕ್ಟರೀಲಿ ಬೇರೆ ಮಕ್ಕಳ ಜೊತೆ ಜೀತಕ್ಕೆ ಹಾಕಿರ್ತಾರೆ. ಈ ಡ್ರ್ಯಾಗನ್‌ಗಳು ಮೊಟ್ಟೆ ಒಡ್ಕೊಂಡು ಬರೋವಲ್ಲ, ಯುದ್ಧಕ್ಕೆ ಅಂತ ಕಟ್ಟಿರೋ ಮಷಿನ್‌ಗಳು, ಆದ್ರೆ ಅವಕ್ಕೆ ಬುದ್ಧಿ ಇದೆ, ದ್ವೇಷ ಇದೆ, ಸುಳ್ಳೂ ಹೇಳಕ್ಕೆ ಬರತ್ತೆ. ಯಾರ್ಡಲ್ಲಿ ಮೂಲೆಗೆ ಬಿದ್ದಿರೋ 7332 ನಂಬರಿನ ಡ್ರ್ಯಾಗನ್ ಈ ಹುಡುಗಿ ತಲೆ ಒಳಗೆ ಮಾತಾಡಕ್ಕೆ ಶುರು ಮಾಡತ್ತೆ, ಇವಳು ಅದರ ಮ್ಯಾನುಯಲ್ ಕದ್ದು ಓದಿ ಓದಿ ಬಾಯಿಪಾಠ ಮಾಡ್ಕೋತಾಳೆ, ಇಬ್ರೂ ಓಡಿಹೋಗೋ ಪ್ಲಾನ್ ಮಾಡ್ತಾರೆ. ಮಂತ್ರದ ಪುಸ್ತಕ ಅಂದ್ರೆ ವೈರಿಂಗ್ ವಾಲ್ವ್ ಎಲ್ಲಾ ಇರೋ ಟೆಕ್ನಿಕಲ್ ಮ್ಯಾನುಯಲ್ ಅನ್ನೋ ಆ ಐಡಿಯಾನೇ ನಂಗೆ ಸಖತ್ ಇಷ್ಟ ಆಯ್ತು.

ಫ್ಯಾಕ್ಟರಿ ಭಾಗ ಉಸಿರು ಬಿಡದೆ ಓದಿಸ್ಕೊಂಡು ಹೋಯ್ತು. ಆಮೇಲೆ ಸ್ಕೂಲು, ಆಮೇಲೆ ಯೂನಿವರ್ಸಿಟಿ, ಡ್ರ್ಯಾಗನ್ ಎಷ್ಟೋ ಪುಟ ಕಾಣೋದೇ ಇಲ್ಲ, ಜೇನ್ ಕಳ್ಳತನ ಮಾಡ್ತಾಳೆ, ನಂಬಿದೋರಿಗೆ ಮೋಸ ಮಾಡ್ತಾಳೆ, ಅವಳ ಮೇಲಿದ್ದ ಪ್ರೀತಿ ನಂಗೆ ನಿಧಾನಕ್ಕೆ ಕರಗ್ತಾ ಹೋಯ್ತು, ಆದ್ರೂ ಪುಸ್ತಕ ಕೆಳಗಿಡಕ್ಕಾಗ್ಲಿಲ್ಲ. ಇದು ಬರೆದೋರ ಕೈ ತಪ್ಪಿರೋದಾ ಇಲ್ಲಾ ಬೇಕಂತಲೇ ಮಾಡಿರೋದಾ? ಇದನ್ನ ಸ್ಟೀಮ್‌ಪಂಕ್ (ಸ್ಟೀಮ್ ಇಂಜಿನ್ ಕಾಲದ ಯಂತ್ರಗಳ ಸುತ್ತ ಕಟ್ಟೋ ಕಲ್ಪನೆ ಕಥೆ) ಅಂತ ಪಟ್ಟಿಗಳಲ್ಲಿ ಹಾಕಿರ್ತಾರಲ್ಲ, ಅದು ಸರೀನಾ? ಇನ್ನೊಂದು, ಅಕ್ಕನ ಮಗಳು ಡ್ರ್ಯಾಗನ್ ಪುಸ್ತಕ ಅಂದ್ರೆ ಪ್ರಾಣ ಬಿಡ್ತಾಳೆ, ಏಳನೇ ಕ್ಲಾಸು, ಅವಳಿಗೆ ಕೊಡಬಹುದಾ?

ಹುಬ್ಬಳ್ಳಿ_ಗಾಡಿ:

ಭಾಳ ಖುಷಿ ಆತು ಈ ಪುಸ್ತಕದ ಹೆಸರು ಇಲ್ಲಿ ನೋಡಿ. ನಮ್ಮನಿ ರೈಲ್ವೆ ವರ್ಕ್‌ಶಾಪ್ ಹತ್ರನ ಇರೋದು, ಹಂಗಾಗಿ ಫ್ಯಾಕ್ಟರಿ ಭಾಗ ಓದುವಾಗ ನನಗ ಅದು ಕಲ್ಪನಾ ಅಂತ ಅನ್ನಿಸ್ಲೇ ಇಲ್ಲ. ಎಣ್ಣಿ ಮೆತ್ತಿದ ನೆಲ, ಸೂಪರ್‌ವೈಸರ್ ಅಂದ್ರ ಹುಡುಗರ ಎದಿ ನಡಗೋದು, ಇಷ್ಟ್ ದೊಡ್ಡ ಯಂತ್ರದ ಪಕ್ಕ ಇಷ್ಟ್ ಸಣ್ಣ ಕೈ. ಡ್ರ್ಯಾಗನ್ ಮ್ಯಾಲೆ ಹತ್ತಿ ಹಾರೋ ಕಥಿ ಬೇಕಾದಷ್ಟದಾವ, ಆ ಡ್ರ್ಯಾಗನ್ನಿಗೆ ಬೋಲ್ಟ್ ಹಾಕಿದವರು ಯಾರು ಅಂತ ಕೇಳಿದ್ದು ಈ ಮನುಷ್ಯಾ.

ಇದರ ಹುಟ್ಟಿನ ಹಿಂದನೂ ರೈಲ್ ಇಂಜಿನ್ನೇ ಐತಿ. ಸ್ವಾನ್‌ವಿಕ್ ಇರೋದು ಫಿಲಡೆಲ್ಫಿಯಾದಾಗ, ಬಾಲ್ಡ್‌ವಿನ್ ಲೋಕೋಮೋಟಿವ್ ವರ್ಕ್ಸ್ ಇದ್ದದ್ದೂ ಆ ಊರಾಗ, 19ನೇ ಶತಮಾನದಾಗ ಶುರು ಆಗಿ 1956ಕ್ಕ ಇಂಜಿನ್ ಕಟ್ಟೋದು ನಿಲ್ಲಿಸೋತನಕ 70,000ಕ್ಕಿಂತ ಹೆಚ್ಚು ಇಂಜಿನ್ ಕಟ್ಯಾರ. ಹೆಂಡತಿ ಜೋಡಿ ಕಾರಿನ್ಯಾಗ ಹೋಗುವಾಗ ಸ್ಟೀಮ್ ಇಂಜಿನ್ ಮಾತು, ಡ್ರ್ಯಾಗನ್ ಮಾತು ಎರಡೂ ಕೂಡಿ ಬಂದು ಅಲ್ಲಿಂದ ಈ ಫ್ಯಾಕ್ಟರಿ ಹುಟ್ಟಿತು ಅಂತ ಅವರ ಹೇಳ್ಯಾರ. ಪುಸ್ತಕದಾಗ ಬಾಲ್ಡ್‌ವಿನ್ ಅಂತ ಒಬ್ಬ ಮುದುಕ ಎಲ್ಫ್ ಬರ್ತಾನ ನೋಡ್ರಿ, ಆ ಹೆಸರು ಸುಮ್ಮನ ಬಂದದ್ದಲ್ಲ. ನಮ್ಮ ದೇಶಕ್ಕ 1947ರಾಗ ಬಂದ ಮೊದಲನೇ 16 ಡಬ್ಲ್ಯೂಪಿ ಅನ್ನೋ ಸ್ಟೀಮ್ ಇಂಜಿನ್, ಅದೇರಿ ಮೂಗು ಗುಂಡಗಿರೋವು, ಅವೂ ಬಾಲ್ಡ್‌ವಿನ್ ಕಡೆಯಿಂದನ ಬಂದಿದ್ದು. ಅಂಥಾ ಇಂಜಿನ್ ಎದುರಿಗೆ ನಿಂತು ನೋಡಿದವರಿಗೆ ಇದರಾಗ ಜೀವ ಐತಿ ಅಂದ್ರ ಬಿಡಿಸಿ ಹೇಳೋದು ಬ್ಯಾಡ.

ಎರಡನೇ ಅರ್ಧಕ್ಕ ಫ್ಯಾಕ್ಟರಿ ಭಾಗದ ಬಿಗಿ ಇಲ್ಲ, ಒಪ್ಕೋತೀನಿ.

ಕರಾವಳಿ_ಪುಟ:

ನನಗೆ ಈ ಪುಸ್ತಕ ಇಷ್ಟ ಆಗ್ಲಿಲ್ಲ, ಕಾರಣ ಹೇಳ್ತೇನೆ. ಡ್ರ್ಯಾಗನ್ ಇಲ್ಲದ್ದು ದೊಡ್ಡ ತೊಂದರೆ ಅಲ್ಲ, ಜೇನ್ ಹತ್ರ ಬಂದವರೆಲ್ಲ ಸಾಯ್ತಾರೆ, ಅದೂ ಒಂದೇ ರೀತಿಯಲ್ಲಿ, ಅದು ತೊಂದರೆ. ಸ್ಕೂಲಲ್ಲಿ ಗ್ವೆನ್ ಅಂತ ಒಬ್ಬಳು, ಎಲ್ಲರಿಗಿಂತ ಚೆಂದದ ಹುಡುಗಿ, ವರ್ಷದ ಬಲಿಗೆ ಅವಳನ್ನೇ ಆರಿಸಿರ್ತಾರೆ, ಸುಡುವ ದಿನದವರೆಗೆ ಅವಳಿಗೆ ರಾಣಿಯ ಮರ್ಯಾದೆ. ಯೂನಿವರ್ಸಿಟಿಯಲ್ಲಿ ಟೀಂಡ್ ಅಂತ ಬರ್ತದೆ, ಹತ್ತರಲ್ಲಿ ಒಂದು ಪಾಲು ವಿದ್ಯಾರ್ಥಿಗಳ ಪ್ರಾಣ ಕಪ್ಪಕ್ಕೆ ಹೋಗ್ತದೆ. ಗ್ವೆನ್ ಭಾಗ ಓದುವಾಗ ಹೊಟ್ಟೆ ತೊಳಸಿದ ಹಾಗಾಯ್ತು, ಅಷ್ಟು ಚೆನ್ನಾಗಿ ಬರೆದಿದ್ದಾರೆ. ಆದರೆ ಟೀಂಡ್ ಬರುವಾಗ ನನ್ನ ಮನಸ್ಸು ಗಟ್ಟಿಯಾಗಿಬಿಟ್ಟಿತ್ತು, ಇವರೂ ಸಾಯ್ತಾರೆ ಅಂತ ಮೊದಲೇ ಗೊತ್ತು, ಮತ್ತೆ ಯಾರ ಮೇಲೆ ಪ್ರೀತಿ ಇಟ್ಟು ಓದುವುದು? ಕ್ರೌರ್ಯ ತೋರಿಸ್ಲಿಕ್ಕೆ ಹೊರಟ ಪುಸ್ತಕ ಓದುಗರನ್ನೇ ಕಲ್ಲು ಮಾಡಿದರೆ ಅದು ಬರೆದವರ ಸೋಲು ಅಂತಲೇ ನನ್ನ ಅಭಿಪ್ರಾಯ. ಭಾಷೆ ಬಗ್ಗೆ ಒಂದು ಮಾತೂ ಇಲ್ಲ, ಅದು ಅದ್ಭುತ.

ನಡುರಾತ್ರಿ_ಓದು:

@ಕರಾವಳಿ_ಪುಟ ನೀವು ಹೇಳಿದ "ಒಂದೇ ರೀತಿ" ಇದ್ಯಲ್ಲ, ಅದೇ ಪುಸ್ತಕದ ಬೆನ್ನೆಲುಬು ಅಂತ ನನ್ನ ನಂಬಿಕೆ. (ಓದದೇ ಇರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಫ್ಯಾಕ್ಟರೀಲಿ ಇದ್ದ ರೂಸ್ಟರ್, ಸ್ಕೂಲಲ್ಲಿ ಸಿಗೋ ಪೀಟರ್, ಯೂನಿವರ್ಸಿಟೀಲಿ ಸಿಗೋ ಪಕ್, ಇವರು ಮೂರು ಜನ ಅಲ್ಲ, ಒಂದೇ ಜೀವ ಬೇರೆ ಬೇರೆ ಮೈಯಲ್ಲಿ ವಾಪಸ್ ಬರ್ತಿರತ್ತೆ, ಒಳಗಿನ ನಿಜವಾದ ಹೆಸರು ಒಂದೇ. ನಾವು ಜನ್ಮ ಜನ್ಮದ ನಂಟು ಅಂತ ಕೇಳ್ಕೊಂಡೇ ಬೆಳೆದೋರು, ಹಂಗಾಗಿ ಇದು ನಮಗೆ ಬೇಗ ಹೊಳೆಯತ್ತೆ, ಆದ್ರೆ ನಾವು ಕೇಳಿರೋ ಕಥೆಗಳಲ್ಲಿ ಮತ್ತೆ ಹುಟ್ಟೋದಕ್ಕೆ ಒಂದು ಲೆಕ್ಕ ಇರತ್ತೆ, ಪಾಪಕ್ಕೆ ಇಷ್ಟು ಪುಣ್ಯಕ್ಕೆ ಇಷ್ಟು ಅಂತ. ಇಲ್ಲಿ ಆ ಲೆಕ್ಕ ಜೇನ್ ಕಣ್ಣಿಗೆ ಬೀಳೋದೇ ಇಲ್ಲ. ಅವಳಿಗೆ ಪ್ರತಿ ಸಲ ಇನ್ನೊಂದು ಅವಕಾಶ ಸಿಗತ್ತೆ, ಪ್ರತಿ ಸಲ ತಾನು ಉಳ್ಕೊಳ್ಳೋದನ್ನೇ ಆರಿಸ್ಕೋತಾಳೆ, ಪ್ರತಿ ಸಲ ಅವನೇ ಸಾಯ್ತಾನೆ.

ಹಿಂಗೆ ನೋಡಿದ್ರೆ ಡ್ರ್ಯಾಗನ್ನು ಮಧ್ಯದಲ್ಲಿ ಮಾಯ ಆಗೋದೂ ಅರ್ಥ ಆಗತ್ತೆ. ಮೆಲಾಂಕ್ಥನ್ (ಆ 7332 ಡ್ರ್ಯಾಗನ್ನಿನ ಹೆಸರು) ಅವಳಿಗೆ ಕಲಿಸಿದ್ದೇ ಕಳ್ಳತನ, ಗುಟ್ಟು, ದ್ವೇಷ, ಅದು ದೂರ ಇದ್ರೂ ಅವಳು ಅದೇ ಪಾಠ ನಡೆಸ್ತಾ ಇರ್ತಾಳೆ. ಡ್ರ್ಯಾಗನ್ನಿನ ಮಗಳು ಅನ್ನೋ ಹೆಸರಿಗೆ ಇದಕ್ಕಿಂತ ಸರಿಯಾದ ಕಾರಣ ನಂಗೆ ಕಾಣ್ತಿಲ್ಲ. ಅವಳು ಒಳ್ಳೇವ್ಳು ಅಲ್ಲ ನಿಜ, ಆದ್ರೆ ಚಿಕ್ಕ ವಯಸ್ಸಿಂದ ಯಾರೂ ಅವಳನ್ನ ಮನುಷ್ಯಳ ಥರ ನೋಡೇ ಇಲ್ಲ, ಇದನ್ನ ನೆನಪಲ್ಲಿ ಇಟ್ಕೊಂಡು ಓದಿದ್ರೆ ನಂಗೆ ಅವಳ ಮೇಲೆ ಸಿಟ್ಟು ಬರ್ಲಿಲ್ಲ, ಅಳು ಬಂತು.

ಹಿತ್ತಾಳೆ_ಚಕ್ರ:

ಸ್ಟೀಮ್‌ಪಂಕ್ ಪ್ರಶ್ನೆಗೆ ಯಾರೂ ಬರ್ಲಿಲ್ಲ, ನಾನು ಹೇಳ್ತೀನಿ. ಆ ಪದ 1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಅನ್ನೋ ಲೇಖಕ ಲೋಕಸ್ ಅನ್ನೋ ಸೈನ್ಸ್ ಫಿಕ್ಷನ್ ಪತ್ರಿಕೆಗೆ ಬರೆದ ಕಾಗದದಲ್ಲಿ ಹುಟ್ಟಿದ್ದು, ತಾನೂ ತನ್ನ ಗೆಳೆಯರೂ ವಿಕ್ಟೋರಿಯನ್ ಕಾಲ ಇಟ್ಕೊಂಡು ಬರೀತಿದ್ದ ಕಥೆಗಳಿಗೆ ಇಟ್ಟ ಹೆಸರು. ಆ ಅಳತೇಲಿ ಇದು ಹೊರಗೇ. ಇಲ್ಲಿ ಎಲ್ಫ್‌ಗಳು ಸೂಟ್ ಹಾಕ್ತಾರೆ, ಶಾಪಿಂಗ್ ಮಾಲ್ ಇದೆ, ಡ್ರ್ಯಾಗನ್ನುಗಳು ಸ್ಟೀಮ್ ಇಂಜಿನ್ನಿಗಿಂತ ಫೈಟರ್ ಜೆಟ್‌ಗೆ ಹತ್ತಿರ, ಪೈಲಟ್ ಕೂತಾಗ ಮಣಿಕಟ್ಟಿಗೆ ಸೂಜಿ ಚುಚ್ಚಿ ಮೈಗೆ ಮೈ ಜೋಡ್ಸತ್ತೆ. ಆದ್ರೆ ಯಂತ್ರದ ಒಳಗಿನ ಆಸೆ, ಕೋಪ, ಅದನ್ನ ಕಟ್ಟಿದೋರ ಬೆವರು, ಇದೆಲ್ಲಾ ಸ್ಟೀಮ್‌ಪಂಕ್ ಅಂತ ಮಾರೋ ಎಷ್ಟೋ ಪುಸ್ತಕಗಳಲ್ಲಿ ಇರೋದೇ ಇಲ್ಲ, ಅಲ್ಲಿ ಬರೀ ಗಾಗಲ್ಸು ಟೋಪಿ. ಹಾಗಾಗಿ ಪಟ್ಟೀಲಿ ಇರ್ಲಿ ಅಂತೀನಿ, ಓದೋರು ಆ ಬಾಗಿಲಿಂದಾದ್ರೂ ಒಳಗೆ ಬರ್ಲಿ.

ನಂಗೆ ಅತಿ ಜಾಣತನದ್ದು ಅನ್ಸಿದ್ದು ಕಬ್ಬಿಣದ ವಿಷಯ. ಯುರೋಪಿನ ಜನಪದದಲ್ಲಿ ಎಲ್ಫ್‌ಗಳಿಗೆ ಕಬ್ಬಿಣ ಆಗಲ್ಲ. ನಮ್ಮಲ್ಲೂ ಬಾಣಂತಿ ಮಗ್ಗುಲಲ್ಲಿ ಕುಡುಗೋಲೋ ಕತ್ತಿನೋ ಇಡ್ತಾರಲ್ಲ, ಕೆಟ್ಟದ್ದು ಹತ್ರ ಬರಬಾರದು ಅಂತ, ಅದೇ ನಂಬಿಕೆ. ಎಲ್ಫ್‌ಗಳಿಗೆ ಯುದ್ಧಕ್ಕೆ ಬೇಕಾಗಿರೋದು ಕಬ್ಬಿಣದ ಡ್ರ್ಯಾಗನ್, ಆದ್ರೆ ಅದರೊಳಗೆ ಕೂರಕ್ಕೆ ಅವರಿಗೇ ಆಗಲ್ಲ, ಅದಕ್ಕೆ ಅರ್ಧ ಮನುಷ್ಯರ ರಕ್ತ ಇರೋ ಪೈಲಟ್‌ಗಳು ಬೇಕು, ಅಂಥ ಮಕ್ಕಳನ್ನ ಹೆರಕ್ಕೆ ಅಂತ ಮನುಷ್ಯರ ಹೆಣ್ಣುಮಕ್ಕಳನ್ನ ಕದೀತಾರೆ. ಒಂದು ಹಳೇ ನಂಬಿಕೆ ಇಟ್ಕೊಂಡು ಆ ಲೋಕದ ಸೈನ್ಯ, ಫ್ಯಾಕ್ಟರಿ, ಜೀತ ಎಲ್ಲಾನೂ ಕಟ್ಟಿದಾರೆ.

ಇನ್ನು ಅಕ್ಕನ ಮಗಳಿಗೆ ಈಗ ಕೊಡ್ಬೇಡಿ. ಸೆಕ್ಸ್, ಡ್ರಗ್ಸ್, ಆ ಬಲಿ, ಎಲ್ಲಾ ನೇರವಾಗಿ ಬರತ್ತೆ, ಕೊನೆ ಭಾಗದ ನಿರಾಶೆ ಇನ್ನೂ ಭಾರ. ಹದಿನೆಂಟು ದಾಟ್ಲಿ.

ಮಲೆನಾಡ_ಓದುಗ:

@ನಡುರಾತ್ರಿ_ಓದು ಪೀಟರ್ ಸತ್ತಾಗ ನಂಗೆ ರೂಸ್ಟರ್ ನೆನಪಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು, ಸ್ಕೂಲ್ ಭಾಗದಿಂದ ಮತ್ತೆ ಓದ್ತೀನಿ. @ಕರಾವಳಿ_ಪುಟ ನಿಮ್ಮ ಮಾತೂ ತೆಗೆದು ಹಾಕಕ್ಕಾಗಲ್ಲ, ಟೀಂಡ್ ಹೊತ್ತಿಗೆ ನಂಗೂ ದುಃಖಕ್ಕಿಂತ ಸುಸ್ತೇ ಜಾಸ್ತಿ ಆಗಿತ್ತು. ಹುಡುಗಿಗೆ ಬೇರೆ ಏನಾದ್ರೂ ಹುಡುಕ್ತೀನಿ. ಇದೇ ಲೋಕದ ಇನ್ನೆರಡು ಕಾದಂಬರಿ ಇದ್ಯಂತಲ್ಲ, ಜೇನ್ ಮತ್ತೆ ಬರ್ತಾಳಾ?

ಹುಬ್ಬಳ್ಳಿ_ಗಾಡಿ:

ಅದಾವ್ರಿ, ಆದ್ರ ಜೇನ್ ಕಥಿ ಮುಂದುವರಿಯೋದಿಲ್ಲ. 2008ರ ದಿ ಡ್ರ್ಯಾಗನ್ಸ್ ಆಫ್ ಬೇಬಲ್‌ದಾಗ ಯುದ್ಧದಾಗ ಪೆಟ್ಟು ತಿಂದ ಡ್ರ್ಯಾಗನ್ ಒಂದು ಹಳ್ಳಿಗೆ ಬಂದು ಬಿದ್ದು, ನಾನ ಇನ್ಮ್ಯಾಲೆ ನಿಮ್ಮ ರಾಜಾ ಅಂತ ಕುಂದ್ರತೈತಿ, ವಿಲ್ ಅನ್ನೋ ಹುಡುಗನ್ನ ತನ್ನ ಕೈಯಾಳು ಮಾಡ್ಕೋತೈತಿ. ಆ ಮೊದಲ ಭಾಗ ಒಂದಕ್ಕ ಪುಸ್ತಕ ಕೊಳ್ಳಬಹುದು. 2019ರ ದಿ ಐರನ್ ಡ್ರ್ಯಾಗನ್ಸ್ ಮದರ್‌ದಾಗ ಕೇಟ್ಲಿನ್ ಅಂತ ಡ್ರ್ಯಾಗನ್ ಪೈಲಟ್ ಮ್ಯಾಲೆ ಕೊಲಿ ಆರೋಪ ಹಾಕ್ತಾರ, ಆಕಿ ತಪ್ಪಿಸ್ಕೊಂಡು ಓಡೋ ಕಥಿ. @ಕರಾವಳಿ_ಪುಟ ಅವರ, ನೀವು ಬೇಬಲ್ ಒಂದ್ಸಲ ಹಿಡೀರಿ, ಅದರಾಗ ನಗುನೂ ಐತಿ, ಪ್ರೀತಿ ಇಟ್ಕೊಳ್ಳಾಕ ಜನಾನೂ ಅದಾರ. ಓದಿದ ಮ್ಯಾಲೆ ಇಲ್ಲೇ ಬರೀರಿ.