ಮಗುವಿನ ಕಿವಿ ಪರೀಕ್ಷೆಯಲ್ಲಿ 'ರೆಫರ್' ಬಂದಿದೆ, ಕಾಯಬಹುದಾ?

ಹೊಸ ಅಮ್ಮ, ದಾವಣಗೆರೆ:
ಮಗಳಿಗೆ ಇವತ್ತಿಗೆ 19 ದಿನ. ಹುಟ್ಟಿದ ಮಾರನೇ ದಿನ ಒಎಇ ಅಂತ ಕಿವಿ ಕೇಳುತ್ತಾ ನೋಡುವ ಪರೀಕ್ಷೆ ಮಾಡಿದರು, ಎಡಗಿವಿಗೆ 'ರೆಫರ್' ಅಂತ ಬಂತು. ಪಾತ್ರೆ ಬಿದ್ದರೆ ಬೆಚ್ಚುತ್ತಾಳಲ್ಲ, ಸುಮ್ನೆ ಯಾಕೆ ಕೂಸನ್ನು ಅಲೆದಾಡಿಸುತ್ತೀಯ ಅಂತಾರೆ ಅತ್ತೆ. ನನಗೆ ರಾತ್ರಿ ನಿದ್ದೆ ಇಲ್ಲ.

ಆಡಿಯಾಲಜಿ ಓದಿದವಳು:
ರೆಫರ್ ಅಂದರೆ ಕಿವುಡು ಅಂತಲ್ಲ, ಮತ್ತೆ ಪರೀಕ್ಷೆ ಮಾಡಿ ನೋಡಬೇಕು ಅಂತ ಅಷ್ಟೇ. ಹುಟ್ಟಿದ ಒಂದೆರಡು ದಿನ ಕಿವಿಯೊಳಗೆ ನೀರು ಉಳಿದಿರುತ್ತೆ, ಅದಕ್ಕೇ ಎಷ್ಟೋ ಸಲ ಹೀಗಾಗುತ್ತೆ. ಆದರೂ ಕಾಯಬೇಡಿ. ಬಲಗಿವಿ ಕೇಳಿದರೂ ಮಗು ಬೆಚ್ಚುತ್ತೆ, ಎಡಗಿವಿಯ ವಿಷಯ ಅದರಿಂದ ತಿಳಿಯಲ್ಲ. ಈಗಲೇ ಇನ್ನೊಂದು ಸಲ ಒಎಇ ಮಾಡಿಸಿ, ಆಗಲೂ ರೆಫರ್ ಬಂದರೆ 3 ತಿಂಗಳೊಳಗೆ ಬೇರಾ ಪರೀಕ್ಷೆ, ಅಂದರೆ ಶಬ್ದ ಕಿವಿಯಿಂದ ಮೆದುಳಿಗೆ ತಲುಪುತ್ತಾ ಅಂತ ನೋಡೋದು. ತಲೆಗೆ ತಂತಿ ಅಂಟಿಸುತ್ತಾರೆ, ನೋವಿಲ್ಲ, ಮಗು ಮಲಗಿದ್ದರೆ ಸಾಕು. ತೊಂದರೆ ಇದೆ ಅಂತಾದರೆ 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು.

ಹೊಳಲ್ಕೆರೆ ಅಪ್ಪ:
ಅಕ್ಕ, ದಯವಿಟ್ಟು ತಡ ಮಾಡಬೇಡಿ. ನಮ್ಮ ಮಗನಿಗೆ ಹುಟ್ಟಿದಾಗ ಯಾರೂ ಪರೀಕ್ಷೆ ಮಾಡಲಿಲ್ಲ, ಎರಡು ವರ್ಷವಾದರೂ 'ಅಪ್ಪ' ಅನ್ನಲಿಲ್ಲ, ಗಂಡುಮಕ್ಕಳಿಗೆ ಮಾತು ತಡ ಅಂದರು, ನಂಬಿ ಕೂತೆವು. ಕೊನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡೂ ಕಿವಿ ಕೇಳಲ್ಲ ಅಂತ ಗೊತ್ತಾಯಿತು. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕೂರಿಸುವ ಕಿವಿಯ ಯಂತ್ರ, ಹಾಕಿಸಿದೆವು. ಯಂತ್ರ ಆನ್ ಮಾಡಿದ ದಿನ ಹೆದರಿ ಅಮ್ಮನ ಸೆರಗು ಬಾಯಿಗೆ ಒತ್ತಿಕೊಂಡು ಅತ್ತ. ಈಗ ಮಾತಾಡುತ್ತಾನೆ, ಆದರೆ ಥೆರಪಿ ಇನ್ನೂ ನಡೆದಿದೆ. ನಮ್ಮದು ಸೋದರಮಾವನ ಸಂಬಂಧ, ಹತ್ತಿರದ ಸಂಬಂಧದಲ್ಲಿ ಹುಟ್ಟುಗಿವುಡು ಜಾಸ್ತಿ ಅಂತ ಆಮೇಲೆ ತಿಳಿಯಿತು.

ಆಡಿಯಾಲಜಿ ಓದಿದವಳು:
ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಆರ್‌ಬಿಎಸ್‌ಕೆ ಅಂತ ಕೇಳಿ, ಅದು ಮಕ್ಕಳ ಆರೋಗ್ಯದ ಸರ್ಕಾರಿ ಯೋಜನೆ, ಹುಟ್ಟುಗಿವುಡು ಅದರಲ್ಲಿ ಸೇರಿದೆ. ತಾಯಿ ಕಾರ್ಡ್ ಮರೆಯಬೇಡಿ.

ಹೊಸ ಅಮ್ಮ, ದಾವಣಗೆರೆ:
ಅತ್ತೆಗೆ ಎಲ್ಲಾ ಓದಿ ಹೇಳಿದೆ. ಸೋಮವಾರ ಅವರೂ ಬರುತ್ತಾರಂತೆ.