ಹಳದಿ ಕಾರ್ಡು ಪುಟ್ಟೂಗೆ, ಕೂಗಾಟ ನಮ್ಮದು

ತಮ್ಮಯ್ಯ, ಬೆಳಗ್ಗೆಯಿಂದ ಗ್ರೂಪಿನಲ್ಲಿ 40 ಮೆಸೇಜು ಬಂದಿವೆ. ನಾನು ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಬೇಕಾದರೆ ಸ್ಪೀಡ್ ಒಂದೂವರೆಗೆ ಇಟ್ಟುಕೊ. ಆದರೆ ಪೂರ್ತಿ ಕೇಳು.

ದಾವಣಗೆರೆ ಚಿಕ್ಕಮ್ಮ ಏನು ಗಲಾಟೆ ಅಂತ ಕೇಳುತ್ತಿದ್ದರು, ಅವರಿಗೆ ಮೊದಲು ಹೇಳಿಬಿಡುತ್ತೇನೆ. ಚಿಕ್ಕಮ್ಮ, ನಿನ್ನೆ ಮೈಸೂರಿನಲ್ಲಿ ತಮ್ಮಯ್ಯನ ಮಗ ಪುಟ್ಟೂನ ರಗ್ಬಿ ಮ್ಯಾಚ್ ಇತ್ತು. 14 ವರ್ಷದೊಳಗಿನ ಮಕ್ಕಳದು, ಏಳೇಳು ಜನರ ಆಟ. ಸೆಕೆಂಡ್ ಹಾಫಿನಲ್ಲಿ ಪುಟ್ಟು ಎದುರು ಟೀಮಿನ ಹುಡುಗನನ್ನು ಹಿಡಿದು ಕೆಡವಿದ. ರೆಫ್ರಿ ಹಳದಿ ಕಾರ್ಡ್ ತೋರಿಸಿ 2 ನಿಮಿಷ ಹೊರಗೆ ಕೂರಿಸಿದರು. ಆ 2 ನಿಮಿಷದಲ್ಲೇ ಅವರು ಒಂದು ಟ್ರೈ ಹೊಡೆದರು, ಅಂದರೆ ಚೆಂಡನ್ನು ನಮ್ಮ ಕೊನೇ ಗೆರೆ ದಾಟಿಸಿ ನೆಲಕ್ಕೆ ಒತ್ತಿದರು. ನಮ್ಮವರು ಸೋತರು. ತಮ್ಮಯ್ಯ ವಿಡಿಯೋ ಹಾಕಿ ‘ನಮ್ಮ ಹುಡುಗನಿಗೆ ಮೋಸ ಆಯ್ತು’ ಅಂತ ಬರೆದ. ಆಮೇಲೆ ಎಲ್ಲರೂ ಸೇರಿಕೊಂಡು ಆ ರೆಫ್ರಿಯನ್ನು ಒರಳಿಗೆ ಹಾಕಿ ರುಬ್ಬಿದಿರಿ. ಇಷ್ಟೇ ಕಥೆ.

ಆ ವಿಡಿಯೋ ನಾನು ನಾಲ್ಕು ಸಲ ನೋಡಿದೆ. ಮೊದಲನೇ ಸಲ ನನಗೂ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ನಮ್ಮ ಮಗು ಅಲ್ವಾ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಪುಟ್ಟೂನ ಬಲಗೈ ಮೊದಲು ಆ ಹುಡುಗನ ಎದೆಗೆ ಹೋಗಿದೆ. ಅವನು ಓಡುತ್ತಾ ಸ್ವಲ್ಪ ಬಗ್ಗಿದ. ಕೈ ಜಾರಿ ಕುತ್ತಿಗೆಗೆ ಸುತ್ತಿಕೊಂಡಿತು. ಬೇಕು ಅಂತ ಮಾಡಿದ್ದಲ್ಲ, ಒಪ್ಪಿದೆ. ಆದರೆ ಭುಜದ ಗೆರೆಯಿಂದ ಮೇಲೆ ಹಿಡಿದರೆ ಅದು ಹೈ ಟ್ಯಾಕಲ್ಲೇ, ಮನಸ್ಸಿನಲ್ಲಿ ಏನೇ ಇರಲಿ. ಕಬಡ್ಡಿಯಲ್ಲಿ ರೈಡರ್ ಬಾಯಿ ಮುಚ್ಚಿದರೆ, ಕತ್ತು ಹಿಸುಕಿದರೆ ಫೌಲ್ ಕೊಡುವುದಿಲ್ಲವಾ? ಹಾಗೇ ಇದು. ಇಂಗ್ಲೆಂಡಿನಲ್ಲಿ 2023ರಿಂದ ಕ್ಲಬ್ಬು, ಸ್ಕೂಲು ಮಟ್ಟದ ಆಟಗಳಲ್ಲಿ ಇನ್ನೂ ಕೆಳಗಿಳಿಸಿದ್ದಾರೆ. ಎದೆಮೂಳೆಯ ಬುಡದಿಂದ ಕೆಳಗೇ ಹಿಡಿಯಬೇಕು. ತಲೆಗೆ ಪೆಟ್ಟು ಬೀಳುವುದು ಕಡಿಮೆಯಾಗಲಿ ಅಂತ. ತಲೆಗೆ ಏಟಾಗಿದೆ ಅಂತ ಅನುಮಾನ ಬಂದರೂ ಸಾಕು, ಆ ಆಟಗಾರ ಆವತ್ತು ಮತ್ತೆ ಇಳಿಯುವ ಹಾಗಿಲ್ಲ. ಎದುರಿಗಿದ್ದ ಆ ಹುಡುಗನಿಗೂ ಒಬ್ಬಳು ಅಮ್ಮ ಇದ್ದಾಳೆ ಕಣೋ. ಅವಳೂ ಅಲ್ಲೇ ಗೆರೆ ಪಕ್ಕ ನಿಂತಿದ್ದಳೋ ಏನೋ.

ಮೂರನೇ ಸಲ ನಾನು ಪುಟ್ಟೂನ ಮುಖ ಮಾತ್ರ ನೋಡಿದೆ. ಕಾರ್ಡ್ ಎತ್ತಿದಾಗ ಅವನು ಹಲ್ಲಿನ ಗಾರ್ಡ್ ಹೊರಗೆ ತೆಗೆದ. ಏನೋ ಹೇಳಲು ಬಾಯಿ ತೆರೆದ. ತಕ್ಷಣ ಮುಚ್ಚಿಕೊಂಡ. ಬಿದ್ದಿದ್ದ ಹುಡುಗನಿಗೆ ಕೈ ಕೊಟ್ಟು ಎಬ್ಬಿಸಿದ. ‘ಸಾರಿ ಸರ್’ ಅಂದ. ನಡೆಯಲೂ ಇಲ್ಲ, ಓಡಿಕೊಂಡೇ ಹೊರಗೆ ಹೋದ. ರಗ್ಬಿಯಲ್ಲಿ ರೆಫ್ರಿ ಹತ್ತಿರ ಮಾತಾಡಬೇಕಾದವನು ಕ್ಯಾಪ್ಟನ್ ಒಬ್ಬನೇ. ಬೇರೆ ಯಾರಾದರೂ ವಾದಕ್ಕೆ ನಿಂತರೆ ಪೆನಾಲ್ಟಿಯ ಜಾಗ ಇನ್ನೂ 10 ಮೀಟರ್ ಮುಂದಕ್ಕೆ ಹೋಗುತ್ತದೆ. ಇದೆಲ್ಲ ನನಗೆ ಹೇಳಿಕೊಟ್ಟವನೇ ಪುಟ್ಟು. ಬೇಸಿಗೆ ರಜೆಗೆ ಮಂಡ್ಯಕ್ಕೆ ಬಂದಾಗ ಟೆರೇಸಿನ ಮೇಲೆ ದಿಂಬು ಹಿಡಿದುಕೊಂಡು ನನಗೆ ಪಾಸ್ ಮಾಡುವುದು ಕಲಿಸಿದ. ‘ಅತ್ತೆ, ಚೆಂಡು ಮುಂದಕ್ಕೆ ಎಸೆಯಬಾರದು, ಹಿಂದಕ್ಕೇ’ ಅಂತ ನೂರು ಸಲ ಹೇಳಿದ. 31 ವರ್ಷ ಪಿ.ಟಿ. ಮೇಡಂ ಆಗಿದ್ದವಳಿಗೆ ಪಾಠ!

ಈಗ ನಿನ್ನ ವಿಷಯ. ವಿಡಿಯೋ ತೆಗೆದವನು ನೀನು, ಹಾಗಾಗಿ ನೀನು ಕಾಣುವುದಿಲ್ಲ, ನಿನ್ನ ಗಂಟಲು ಮಾತ್ರ ಕೇಳಿಸುತ್ತದೆ. ‘ಏ ರೆಫ್ರಿ, ಕಣ್ಣು ಕಾಣಲ್ವಾ ನಿನಗೆ?’ ಅದರ ಹಿಂದೆಯೇ ನಿನ್ನ ತಮ್ಮ ಚಿಕ್ಕೋನು, ‘ಮುಂದಿನ ಸಲ ಸರಿಯಾಗಿ ಎತ್ತಿ ಹಾಕೋ ಅವನನ್ನ!’ ಲೋ ಚಿಕ್ಕೋನೆ, ಯಾರನ್ನೋ ಎತ್ತಿ ಹಾಕುವುದು? ಏಳನೇ ಕ್ಲಾಸೋ ಎಂಟನೇ ಕ್ಲಾಸೋ ಓದುವ ಮಗುವನ್ನಾ? ಆ ರೆಫ್ರಿಯನ್ನು ಸರಿಯಾಗಿ ನೋಡಿದ್ದೀರಾ? ಕಾಲೇಜಿಗೆ ಹೋಗುವ ಹುಡುಗ, ಮೀಸೆ ಈಗ ಚಿಗುರುತ್ತಿದೆ. ನೀವು ಕೂಗಿದ ಮೇಲೆ ಎರಡು ಸಲ ಸೀಟಿ ಮುಟ್ಟಿ ನೋಡಿಕೊಂಡ. ಹೊಸದಾಗಿ ಸೀಟಿ ಹಿಡಿದ ದಿನಗಳಲ್ಲಿ ನಾನೂ ಹಾಗೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇನ್ನೊಂದು ಇದೆ. ಅವರು ಟ್ರೈ ಹೊಡೆದ ಮೇಲೆ ಒಬ್ಬ ಸಣ್ಣ ಹುಡುಗ ಕನ್ವರ್ಷನ್ ಒದೆಯಲು ನಿಂತ, ಅಂದರೆ ಚೆಂಡನ್ನು ಗೋಲಿನ ಎರಡು ಕಂಬಗಳ ನಡುವೆ ಹಾರಿಸುವ ಕಿಕ್ಕು. ಟ್ರೈಗೆ 5 ಪಾಯಿಂಟ್, ಈ ಕಿಕ್ಕಿಗೆ 2. ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುವ ಹೊತ್ತಿಗೆ ಒದೆಯಬೇಕು, ಸುಲಭವಿಲ್ಲ. ಅವನು ಒದೆಯುವ ಹೊತ್ತಿಗೆ ಸರಿಯಾಗಿ ನಮ್ಮ ಕಡೆಯಿಂದ ಯಾರೋ ಶಿಳ್ಳೆ ಹೊಡೆದಿರಿ. ಯಾರು ಅಂತ ನಾನು ಕೇಳುವುದಿಲ್ಲ, ಆ ಶಿಳ್ಳೆ ನನಗೆ ಚಿಕ್ಕಂದಿನಿಂದ ಗೊತ್ತು. ಐರ್ಲೆಂಡಿನ ಲಿಮರಿಕ್ ಊರಿನಲ್ಲಿ ಥೋಮಂಡ್ ಪಾರ್ಕ್ ಅಂತ ಒಂದು ಸ್ಟೇಡಿಯಂ ಇದೆ. ಅಲ್ಲಿ ಎದುರಾಳಿ ಕಿಕ್ ಮಾಡುವಾಗಲೂ ಸಾವಿರಾರು ಜನ ಉಸಿರು ಬಿಡದ ಹಾಗೆ ಸುಮ್ಮನಿರುತ್ತಾರೆ. ಪುಟ್ಟು ಅದನ್ನು ನನಗೆ ಫೋನಿನಲ್ಲಿ ತೋರಿಸಿದ್ದ. ಸೌಂಡ್ ಆಫ್ ಆಗಿದೆ ಅಂದುಕೊಂಡು ನಾನು ಬಟನ್ ಒತ್ತಿದೆ. ಅವನು ಬಿದ್ದು ಬಿದ್ದು ನಕ್ಕ.

ಹಾಗಂತ ರಗ್ಬಿಯವರೆಲ್ಲ ದೇವರಂಥವರು ಅಂತ ನಾನು ಹೇಳುತ್ತಿಲ್ಲ. ಅದನ್ನೂ ಪುಟ್ಟೂನೇ ಹೇಳಿದ. ಕಲ್ಕತ್ತಾದಲ್ಲಿ ಬ್ರಿಟಿಷರದೊಂದು ರಗ್ಬಿ ಕ್ಲಬ್ ಇತ್ತು. ಅದನ್ನು ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದ ದುಡ್ಡನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, 1878ರಲ್ಲಿ ಒಂದು ಕಪ್ ಮಾಡಿಸಿದರು. ಮೂರು ಹಿಡಿಕೆ, ಮೂರೂ ನಾಗರಹಾವು. ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತಿವೆ. ದಸರಾ ಆನೆ ನೋಡಿ ಬೆಳೆದವನಿಗೆ ಆ ಮುಚ್ಚಳದ ಆನೆ ಅಂದರೆ ಭಾರಿ ಇಷ್ಟ. ಆ ಕಪ್ಪನ್ನು 1988ರಲ್ಲಿ, ಮ್ಯಾಚ್ ಮುಗಿದ ರಾತ್ರಿ, ಎರಡೂ ಕಡೆಯ ಒಬ್ಬೊಬ್ಬ ಆಟಗಾರ ಕುಡಿದ ಮತ್ತಿನಲ್ಲಿ ಎಡಿನ್‌ಬರೋ ಬೀದಿಯಲ್ಲಿ ಒದ್ದುಕೊಂಡು ಹೋಗಿ ಜಜ್ಜಿ ಹಾಕಿದರು. ಸ್ಕಾಟ್ಲೆಂಡಿನವನಿಗೆ 6 ತಿಂಗಳು ನಿಷೇಧ, ಇಂಗ್ಲೆಂಡಿನವನಿಗೆ ಒಂದೇ ಒಂದು ಮ್ಯಾಚು.

ಆ ಒಂದು ಮ್ಯಾಚಿನವನು ಮುಂದೆ ದೊಡ್ಡ ಕೋಚ್ ಆದ. 2009ರಲ್ಲಿ ಅವನ ಟೀಮಿನ ಹುಡುಗನೊಬ್ಬ ನಕಲಿ ರಕ್ತದ ಗುಳಿಗೆ ಕಚ್ಚಿಕೊಂಡು ಬಾಯಿಂದ ರಕ್ತ ಸುರಿಯುತ್ತಿದೆ ಅಂತ ನಟಿಸಿ ಹೊರಗೆ ಬಂದ. ರಕ್ತ ಬಂದರೆ ಬದಲಿ ಆಟಗಾರನನ್ನು ಇಳಿಸಬಹುದು, ಅದಕ್ಕೆ ಈ ನಾಟಕ. ಆಮೇಲೆ ಸುಳ್ಳು ಮುಚ್ಚಲು ಡಾಕ್ಟರ್ ಹತ್ತಿರ ತುಟಿ ನಿಜವಾಗಿಯೇ ಕೊಯ್ಯಿಸಿಕೊಂಡ! ಇಷ್ಟೆಲ್ಲ ಮಾಡಿಯೂ ಮ್ಯಾಚು 5-6ರಲ್ಲಿ ಸೋತರು. ಕೋಚಿಗೆ 3 ವರ್ಷ ನಿಷೇಧ. ಪುಟ್ಟು ಇದನ್ನು ನಗುತ್ತಾ ಹೇಳಿದ. ಕೊನೆಯಲ್ಲಿ ಮಾತ್ರ ಒಂದು ಮಾತು ಕೇಳಿದ, ‘ಕೋಚೇ ಹೇಳಿದರೆ ಇಲ್ಲ ಅನ್ನೋದು ಹೇಗೆ ಅತ್ತೆ?’ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಿದ್ದೆ ಬರುತ್ತಿದೆ ಅಂದೆ.

ಒಂದು ನಿಮಿಷ, ಹೂವಿನವಳು ಬಂದಳು... ಹಾಂ, ಎರಡು ಮೊಳ ಸಾಕಮ್ಮ... ಹಾಂ, ಎಲ್ಲಿದ್ದೆ?

ನೀನು ಅಂದುಕೊಳ್ಳುತ್ತಿರುತ್ತೀಯ, ಅಪ್ಪ ಕೂಗುತ್ತಿರಲಿಲ್ವಾ ಅಂತ. ಕೂಗುತ್ತಿದ್ದರು. ದಸರಾ ಕುಸ್ತಿಗೆ ನಮ್ಮನ್ನು ದೊಡ್ಡಕೆರೆ ಮೈದಾನಕ್ಕೆ ಕರೆದುಕೊಂಡು ಹೋದಾಗ ವಾಪಸ್ ಬರುವಷ್ಟರಲ್ಲಿ ಅಪ್ಪನ ಗಂಟಲು ಕಟ್ಟಿರುತ್ತಿತ್ತು. ಆದರೆ ಏನು ಕೂಗುತ್ತಿದ್ದರು ನೆನಪಿದೆಯಾ? ‘ಕಾಲು ಹಾಕೋ, ಕಾಲು ಹಾಕೋ’ ಅಂತ. ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೋ, ಮುಗಿಯಿತು. ಇಬ್ಬರಿಗೂ ಶಿಳ್ಳೆ. ಸೋತವನು ಗೆದ್ದವನ ಕೈ ಹಿಡಿದು ಎತ್ತುವುದನ್ನು ನೋಡಿಯೇ ಅಪ್ಪ ಏಳುತ್ತಿದ್ದರು, ನಮಗೆ ಚುರುಮುರಿ ಆಸೆಯಾಗಿ ಎಳೆದರೂ ಏಳುತ್ತಿರಲಿಲ್ಲ. ನೀನೂ ಕೂಗು. ‘ಓಡು ಪುಟ್ಟು, ಪಾಸ್ ಕೊಡು’ ಅಂತ ಊರು ಕೇಳುವ ಹಾಗೆ ಕೂಗು. ಯಾರು ಬೇಡ ಅಂದರು?

ಈಗ ನಾಲ್ಕನೇ ಸಲ ನೋಡಿದ್ದು. ಇದನ್ನು ಹೇಳಲೆಂದೇ ಇಷ್ಟು ಮಾತಾಡಿದೆ. ವಿಡಿಯೋದ ಎಡಗಡೆ ಅಂಚಿನಲ್ಲಿ, ಪುಟ್ಟು ಹೊರಗೆ ಕೂತಿದ್ದಾನೆ. ನೀನು ರೆಫ್ರಿಗೆ ಎರಡನೇ ಸಲ ಕೂಗಿದಾಗ ಅವನು ನಿನ್ನ ಕಡೆ ತಿರುಗಿ ನೋಡುತ್ತಾನೆ. ಆಮೇಲೆ ತಲೆ ತಗ್ಗಿಸಿ ಶೂ ಲೇಸ್ ಕಟ್ಟುತ್ತಾನೆ. ಲೇಸ್ ಬಿಚ್ಚಿರಲೇ ಇಲ್ಲ ತಮ್ಮಯ್ಯ. ದೊಡ್ಡದು ಮಾಡಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದ.

ಅದು ನನಗೆ ಯಾಕೆ ತಾಗಿತು ಅಂದರೆ, ಒಂದು ಹಳೇ ವಿಷಯ ಇದೆ. ನಿಮ್ಮ ಭಾವನಿಗೂ ಹೇಳಿಲ್ಲ. ಆಗ ನಾನು ಸರ್ವಿಸಿಗೆ ಸೇರಿ ನಾಲ್ಕೈದು ವರ್ಷ ಆಗಿತ್ತು. ತಾಲ್ಲೂಕು ಮಟ್ಟದ ಕಬಡ್ಡಿ, ಹುಡುಗಿಯರದು. ಕೊನೇ ರೈಡು, ನಾವು ಒಂದು ಪಾಯಿಂಟ್ ಮುಂದೆ. ರೈಡಿಗೆ ಬಂದವಳ ಬೆರಳು ನಮ್ಮ ಹುಡುಗಿಯ ಮೊಣಕೈಗೆ ತಾಗಿತು. ನಾನು ಕಣ್ಣಾರೆ ನೋಡಿದೆ. ರೆಫ್ರಿ ಆ ಕಡೆ ಇದ್ದರು, ಅವರಿಗೆ ಕಾಣಲಿಲ್ಲ. ನಮ್ಮ ಹುಡುಗಿ ಕೈ ಎತ್ತಿ ಹೊರಗೆ ನಡೆಯಬೇಕು. ಅವಳು ಕೈ ಎತ್ತುವ ಮೊದಲು ನನ್ನ ಕಡೆ ನೋಡಿದಳು. ನಾನು ಕಣ್ಣಿನಲ್ಲೇ ‘ನಿಲ್ಲು’ ಅಂದೆ. ಅವಳು ನಿಂತಳು. ಗೆದ್ದೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡು, ಕುಣಿತ. ಅವಳು ಕಿಟಕಿ ಪಕ್ಕ ಕೂತು ಮೊಣಕೈ ಉಜ್ಜಿಕೊಳ್ಳುತ್ತಿದ್ದಳು. ಈಗ ಅವಳಿಗೆ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಮಾರ್ಕೆಟ್ಟಿನಲ್ಲಿ ಸಿಕ್ಕರೆ ‘ನಮಸ್ತೆ ಮಿಸ್’ ಅಂತ ಬ್ಯಾಗ್ ಕೈಯಿಂದ ಇಸಿದುಕೊಳ್ಳುತ್ತಾಳೆ. ಆ ಮ್ಯಾಚಿನ ಮಾತು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಸರಿ, ಜಾಸ್ತಿ ಮಾತಾಡಿದೆ. ನಿನಗೆ ಹೇಳುವುದು ಮೂರು ಕೆಲಸ. ಆ ವಿಡಿಯೋ ಗ್ರೂಪಿನಿಂದ ತೆಗಿ. ಪುಟ್ಟೂನ ಫ್ರೆಂಡ್ಸ್ ಅಪ್ಪಂದಿರ ಗ್ರೂಪಿಗೂ ಕಳಿಸಿದ್ದೀಯಂತೆ, ಅಲ್ಲಿಂದಲೂ ತೆಗಿ. ಮುಂದಿನ ಭಾನುವಾರ ಅದೇ ರೆಫ್ರಿ ಬಂದಿದ್ದರೆ ಹೋಗಿ ಒಂದು ಮಾತು ಆಡು. ದೊಡ್ಡ ಭಾಷಣ ಬೇಡ. ‘ಆವತ್ತು ಕೂಗಿದ್ದು ತಪ್ಪಾಯ್ತು ಸರ್’ ಅಂದರೆ ಸಾಕು. ಅವನು ನಿನಗಿಂತ ಇಪ್ಪತ್ತು ವರ್ಷ ಚಿಕ್ಕವನು ಅಂತ ಸರ್ ಅನ್ನಲು ನಾಚಿಕೆ ಪಡಬೇಡ. ಪುಟ್ಟು ಅನ್ನುತ್ತಾನೆ. ಲೋಕಮಟ್ಟದ ಆಟಗಾರರೂ ಅನ್ನುತ್ತಾರೆ. ನೈಜಲ್ ಓವೆನ್ಸ್ ಅಂತ ವೇಲ್ಸಿನ ರೆಫ್ರಿ, 2015ರ ವಿಶ್ವಕಪ್ ಫೈನಲ್ ಆಡಿಸಿದವರು. 2012ರಲ್ಲಿ ತೀರ್ಪಿನ ಬಗ್ಗೆ ಕೂಗಾಡಿದ ಆಟಗಾರನನ್ನು ಹತ್ತಿರ ಕರೆದು, ಇಲ್ಲಿ ರೆಫ್ರಿ ನಾನು, ನೀನಲ್ಲ, ಇದು ಫುಟ್‌ಬಾಲ್ ಅಲ್ಲ ಅಂದುಬಿಟ್ಟರು. ಆ ಆಟಗಾರ ಪಿಟಿಕ್ಕನ್ನದೆ ಕೇಳಿಕೊಂಡ. ಪುಟ್ಟು ಅದನ್ನು ಹತ್ತು ಸಲ ನೋಡಿದ್ದಾನೆ, ಕೇಳಿದರೆ ನಿನಗೂ ತೋರಿಸುತ್ತಾನೆ. ಚಿಕ್ಕೋನೆ, ನೀನೂ ಅಣ್ಣನ ಜೊತೆ ಹೋಗು, ಸುಮ್ನೆ ಹಿಂದೆ ನಿಂತುಕೊ, ಬಾಯಿ ತೆಗೆಯಬೇಡ.

ಮೂರನೆಯದು ಊಟದ ಲೆಕ್ಕ. ಮ್ಯಾಚ್ ಮುಗಿದ ಮೇಲೆ ಎರಡೂ ಟೀಮು ಒಟ್ಟಿಗೆ ಕೂತು ತಿನ್ನುವುದು ರಗ್ಬಿಯಲ್ಲಿ ಹಳೇ ಪದ್ಧತಿಯಂತೆ, ಅದಕ್ಕೆ ‘ಮೂರನೇ ಹಾಫ್’ ಅಂತಲೇ ಹೆಸರಿದೆ. ನಿನ್ನೆ ನೀವು ಪುಟ್ಟೂನನ್ನು ಎಳೆದುಕೊಂಡು ಕಾರು ಹತ್ತಿಸಿದ್ದೀರಿ, ಅವನು ಕೈ ಕುಲುಕುವ ಸಾಲಿಗೂ ನಿಲ್ಲಲಿಲ್ಲ ಅಂತ ಅವನಮ್ಮ ಫೋನಿನಲ್ಲಿ ಹೇಳಿದಳು. ಅದಕ್ಕೇ ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ನಾನೂ ಬರುತ್ತೇನೆ, ಪುಳಿಯೋಗರೆ ಕಟ್ಟಿಕೊಂಡು. ನಮ್ಮ ಟೀಮು 12 ಮಕ್ಕಳು, ಅದು ಗೊತ್ತು. ಆ ಕಡೆಯವರು ಎಷ್ಟು ಅಂತ ಕೋಚನ್ನು ಕೇಳಿ ಶುಕ್ರವಾರದೊಳಗೆ ಹೇಳು. ರೆಫ್ರಿಗೂ ಸೇರಿಸಿ ಹೇಳು. ಅಕ್ಕಿ ನೆನಪಿನಿಂದ ಅಳೆದು ಹಾಕುವವಳು ನಾನಲ್ಲ, ನಿನಗೆ ಗೊತ್ತಲ್ಲ.