ಕೆಗ್ ಮ್ಯಾನಿಫೋಲ್ಡ್: ಎಷ್ಟು ಬಿಗಿದರೂ ಗ್ಯಾಸ್ ಸೋರುತ್ತಿದೆ, ಏಕೆ?

ಪ್ರಶ್ನೆ: ಮನೆಯಲ್ಲೇ ಮಾಡಿದ ಬಿಯರ್‌ನ ನಾಲ್ಕು 19 ಲೀಟರ್ ಕೆಗ್‌ಗಳಿಗೆ (ಪೀಪಾಯಿಗಳಿಗೆ) ಒಂದೇ ಸಿಒ2 ಸಿಲಿಂಡರ್‌ನಿಂದ ಗ್ಯಾಸ್ ಕೊಡಲು ಹಿತ್ತಾಳೆ ಟೀ (ಮೂರು ಬಾಯಿಯ ಜೋಡಣೆ), ಬಾಲ್ ವಾಲ್ವ್ ಜೋಡಿಸಿ ಮ್ಯಾನಿಫೋಲ್ಡ್, ಅಂದರೆ ಗ್ಯಾಸ್ ಹಂಚುವ ಕವಲು ಸಾಲು, ಮಾಡಿದ್ದೇನೆ. ಎಲ್ಲವೂ ಕಾಲಿಂಚಿನವು. ತಿರುಪಿನ ಹಲ್ಲಿಗೆ (ಥ್ರೆಡ್) ಹತ್ತು ಸುತ್ತು ಸೀಲ್ ಟೇಪ್ ಹಾಕಿದರೂ ಎರಡು ಜಾಯಿಂಟ್ ಸೋರುತ್ತಿವೆ.

ಉತ್ತರ (ಗ್ಯಾಸ್ ಫಿಟ್ಟರ್): ಟೇಪ್ ಬಿಡಿ, ಥ್ರೆಡ್ ನೋಡಿ. ಕಾಲಿಂಚಿನಲ್ಲೂ ಎರಡು ಜಾತಿ. ಎನ್‌ಪಿಟಿ ಎಂಬ ಅಮೆರಿಕನ್ ಥ್ರೆಡ್‌ಗೆ ಇಂಚಿಗೆ 18 ಹಲ್ಲು, 60 ಡಿಗ್ರಿ ಕೋನ. ಬಿಎಸ್‌ಪಿ ಎಂಬ ಬ್ರಿಟಿಷ್ ಥ್ರೆಡ್‌ಗೆ 19 ಹಲ್ಲು, 55 ಡಿಗ್ರಿ. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಆದರೆ ಸುರುಳಿಯ ಸಂದಿಯಲ್ಲಿ ಗ್ಯಾಸಿಗೆ ದಾರಿ ಉಳಿದೇ ಇರುತ್ತದೆ. ಬಿಚ್ಚಿ, ಎರಡು ಗಂಡು (ಹೊರಮೈ) ಥ್ರೆಡ್‌ಗಳನ್ನು ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ. ಒಂದೇ ಜಾತಿಯಾದರೆ ಪೂರ್ತಿ ಕೂರುತ್ತವೆ. ಬೇರೆಯಾದರೆ ಒಂದು ತುದಿಯಲ್ಲಿ ಬೆಳಕು ಕಾಣುತ್ತದೆ. ಅಂಥದ್ದನ್ನು ಬದಲಾಯಿಸಲೇಬೇಕು, ಟೇಪಿನಿಂದ ಸರಿಹೋಗದು.

ಟೇಪ್ ಮೂರು ನಾಲ್ಕು ಸುತ್ತು ಸಾಕು, ಬಿಗಿಯುವ ದಿಕ್ಕಿನಲ್ಲೇ. ಮೊದಲ ಹಲ್ಲು ಬಿಟ್ಟು ಸುತ್ತಿ. ಇಲ್ಲದಿದ್ದರೆ ಚೂರು ಒಳಗೆ ಹೋಗಿ ಚೆಕ್ ವಾಲ್ವ್‌ನಲ್ಲಿ (ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಸಿಕ್ಕಿಕೊಳ್ಳುತ್ತದೆ. ಫ್ಲೇರ್ (ಬಾಯಿ ಅಗಲಿಸಿದ) ಜಾಯಿಂಟ್‌ಗೂ ಸಿಲಿಂಡರ್ ನಟ್‌ಗೂ ಟೇಪ್ ಬೇಡವೇ ಬೇಡ. ಅಲ್ಲಿ ಸೀಲ್ ಮಾಡುವುದು ಹಲ್ಲಲ್ಲ, ಮುಖ ಅಥವಾ ವಾಷರ್.

ಮರುಪ್ರಶ್ನೆ: ಚೆಕ್ ವಾಲ್ವ್ ಹಾಕಿಲ್ಲ. ಬೇಕೇ?

ಉತ್ತರ: ಪ್ರತಿ ಲೈನಿಗೂ ಬೇಕು, ಬಾಣ ಕೆಗ್ ಕಡೆಗೆ. ಹೆಚ್ಚು ಒತ್ತಡದ ಕೆಗ್ಗನ್ನು ಕಡಿಮೆ ಒತ್ತಡದ ಲೈನಿಗೆ ಸಿಕ್ಕಿಸಿದರೆ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಕೆಗ್ಗನ್ನು ಒಳಗೆ ಗ್ಯಾಸ್ ಬರುವ ಟ್ಯೂಬಿನ ತುದಿಗಿಂತ ಮೇಲಕ್ಕೆ ತುಂಬಿದ್ದರಂತೂ ಬಿಯರೇ ಮ್ಯಾನಿಫೋಲ್ಡ್ ದಾಟಿ ರೆಗ್ಯುಲೇಟರ್ ಸೇರುತ್ತದೆ. ಅಂದಹಾಗೆ, ಟೀಗಳ ಬದಲು ನೀರಿನ ಪಿವಿಸಿ ಪೈಪ್ ಬಳಸುವ ಯೋಚನೆ ಬಂದರೆ ಕೈಬಿಡಿ. ಗ್ಯಾಸ್ ಒತ್ತಡದಲ್ಲಿ ಒಡೆದರೆ ಚೂರುಗಳಾಗಿ ಸಿಡಿಯುತ್ತದೆ.

ಮರುಪ್ರಶ್ನೆ: ಸರಿಹೋಯಿತೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಕೆಗ್‌ಗಳನ್ನು ಕಳಚಿ. ನಾಲ್ಕು ವಾಲ್ವ್ ಮುಚ್ಚಿ, 2 ಬಾರ್ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿ. ಗುಳ್ಳೆ ಬರದಿದ್ದರೆ ಸಿಲಿಂಡರ್ ಮುಚ್ಚಿ ರಾತ್ರಿಯಿಡೀ ಬಿಡಿ, ಒತ್ತಡ ಮಾಪಕದ ಮುಳ್ಳು ಇಳಿಯಬಾರದು. ಕೆಗ್ ಸೇರಿಸಿ ಪರೀಕ್ಷಿಸಿದರೆ ಬಿಯರ್ ಗ್ಯಾಸ್ ಹೀರಿ ಮುಳ್ಳು ಇಳಿಯುತ್ತದೆ, ಇಲ್ಲದ ಸೋರಿಕೆ ಹುಡುಕುತ್ತಾ ಕೂರುತ್ತೀರಿ. ಕಿಟಕಿ ತೆರೆದಿಡಿ: ಸಿಒ2 ಗಾಳಿಗಿಂತ ಭಾರ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ.

ಮರುಪ್ರಶ್ನೆ: ಒಂದು ಕೆಗ್ಗಿಗೆ ಕಡಿಮೆ ಒತ್ತಡ ಬೇಕು. ಆ ವಾಲ್ವನ್ನು ಅರ್ಧ ತೆರೆದರೆ ಸಾಕಲ್ಲವೇ?

ಉತ್ತರ: ಸಾಲದು. ಅರ್ಧ ತೆರೆದರೆ ಗ್ಯಾಸ್ ನಿಧಾನವಾಗುತ್ತದೆ ಅಷ್ಟೇ. ಕೊನೆಗೆ ನಾಲ್ಕರಲ್ಲೂ ಒತ್ತಡ ಒಂದೇ. ಮ್ಯಾನಿಫೋಲ್ಡ್‌ಗಿಂತ ಮುಂಚೆಯೇ ಒಂದು ಟೀ ಹಾಕಿ ಆ ಕೆಗ್ಗಿಗೆ ಬೇರೆ ಲೈನ್ ಎಳೆಯಿರಿ, ಆ ಲೈನಿಗೆ ಇನ್ನೊಂದು ರೆಗ್ಯುಲೇಟರ್ ಹಾಕಿ.